ಮಗು ಕಂಡ ಸಾವನ್ನು ರಂಗಕ್ಕೆ ತರುವ ಬಗೆ

ಬಾಲ್ಯದ ನೆನಪುಗಳನ್ನೂ ಸಾವಿನ ಆಚರಣೆಗಳನ್ನೂ ಆಧಾರವಾಗಿಟ್ಟುಕೊಂಡು ಸಮಕಾಲೀನ ನೃತ್ಯರಂಗ ಪ್ರಯೋಗವೊಂದನ್ನು ಕಟ್ಟಲು ಹೊರಟಿರುವ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸೀಮೆಯ ತಂಡಗಳಿಗಾಗಿ ಈ ಬರಹ. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ದೊಡ್ಡ ಉತ್ಸವಗಳ ವೇದಿಕೆಯವರೆಗೆ ನಮ್ಮಲ್ಲಿ ನೃತ್ಯರೂಪಕದ ರೂಢಿ ಇದೆ. ಅಲ್ಲಿ ಎಲ್ಲರಿಗೂ ಗೊತ್ತಿರುವ ಕಥೆಯೊಂದಿರುತ್ತದೆ, ಹಿನ್ನೆಲೆಯ ಹಾಡು ಆ ಕಥೆಯನ್ನು ಹೇಳುತ್ತದೆ, ನರ್ತಕರು ಹಾಡಿಗೆ ತಕ್ಕಂತೆ ಅಭಿನಯಿಸುತ್ತಾರೆ. ನೃತ್ಯರಂಗದ ದಾರಿ ಬೇರೆ. ಇಲ್ಲಿ ನರ್ತಕರ ಸ್ವಂತ ನೆನಪು, ದಿನನಿತ್ಯದ ಚಲನೆ, ಮಾತು, ವಸ್ತು, ಮೌನ ಇವೆಲ್ಲ ಕೂಡಿ ಪ್ರಯೋಗವಾಗುತ್ತವೆ, ಕಥೆ ಇರಲೇಬೇಕೆಂದಿಲ್ಲ. ಸಾವಿನಂಥ ವಸ್ತುವನ್ನು ಕೈಗೆತ್ತಿಕೊಂಡ ತಂಡಗಳು ಬಹುಮಟ್ಟಿಗೆ ಆಚರಣೆಯ ಅರ್ಥದಿಂದ ಹೊರಡುತ್ತವೆ. ಆತ್ಮ, ಪಂಚಭೂತ, ಪುನರ್ಜನ್ಮ ಎಂಬ ದೊಡ್ಡ ಮಾತುಗಳು ಮೊದಲ ದಿನವೇ ತಾಲೀಮಿಗೆ ಬಂದು ಕೂಡುತ್ತವೆ. ಆ ಬಳಿಕ ನರ್ತಕರ ಕೈಗಳು ಆಕಾಶದ ಕಡೆಗೆ ಏಳುವುದನ್ನು ಬಿಟ್ಟರೆ ಬೇರೇನೂ ನಡೆಯುವುದಿಲ್ಲ. ನನ್ನ ಸಲಹೆ ಇದಕ್ಕೆ ತೀರ ವಿರುದ್ಧವಾದದ್ದು. ಮಗು ತನ್ನ ಎತ್ತರದಿಂದ ಕಂಡಷ್ಟನ್ನೇ ಹಿಡಿಯಿರಿ, ಅರ್ಥವನ್ನು ನೋಡುವವರಿಗೆ ಬಿಡಿ.

ಈ ಕ್ರಮಕ್ಕೆ ಹಿಂದಿನವರ ಆಧಾರವಿದೆ. ಜರ್ಮನಿಯ ಕುರ್ಟ್ ಯೋಸ್ ಅವರು 1932ರಲ್ಲಿ ಮಧ್ಯಯುಗದ ಸಾವಿನ ಕುಣಿತದ ಚಿತ್ರಗಳಿಂದ ಪ್ರೇರಣೆ ಪಡೆದು ಸಾವನ್ನೇ ಒಂದು ಪಾತ್ರವನ್ನಾಗಿ ಮಾಡಿದ ನೃತ್ಯವನ್ನು ರಚಿಸಿದರು. ಅವರ ಬಳಿ ಕಲಿತ ಪೀನಾ ಬೌಶ್ 1973ರಿಂದ ವುಪರ್ಟಾಲ್ ನಗರದ ತಂಡವನ್ನು ನಡೆಸುತ್ತ, ನರ್ತಕರಿಗೆ ಹೆಜ್ಜೆಗಳನ್ನು ಹೇಳಿಕೊಡುವ ಬದಲು ಪ್ರಶ್ನೆಗಳನ್ನು ಕೇಳುವ ಪದ್ಧತಿಯನ್ನು ಬೆಳೆಸಿದರು. 1978ರ ಅವರ ‘ಕಫೆ ಮ್ಯೂಲರ್’ ಪ್ರಯೋಗದ ಹಿಂದೆ ತಂದೆತಾಯಿ ನಡೆಸುತ್ತಿದ್ದ ಚಿಕ್ಕ ಹೋಟೆಲಿನಲ್ಲಿ ಮೇಜಿನ ಕೆಳಗೆ ಕುಳಿತು ದೊಡ್ಡವರನ್ನು ನೋಡುತ್ತಿದ್ದ ಬಾಲಕಿಯ ನೆನಪಿದೆ. ಜಪಾನಿನಲ್ಲಿ 1959ರ ಹೊತ್ತಿಗೆ ಬುಟೋ ಎಂಬ ನೃತ್ಯವನ್ನು ಆರಂಭಿಸಿದ ತತ್ಸುಮಿ ಹಿಜಿಕಾತ ತಮ್ಮ ಹುಟ್ಟೂರಾದ ಅಕಿತಾ ಸೀಮೆಯ ಹೊಲ, ಚಳಿ, ಬಡತನಗಳನ್ನು ಮೈಯಲ್ಲಿಟ್ಟುಕೊಂಡು ಕುಣಿದವರು. ತೀರಿಹೋದ ಅಕ್ಕ ತಮ್ಮ ದೇಹದೊಳಗೆ ವಾಸವಾಗಿದ್ದಾಳೆ ಎಂದು ಅವರು ಹೇಳುತ್ತಿದ್ದರು. ಇವರಿಂದ ಪ್ರಶ್ನೆ ಕೇಳುವ ಕ್ರಮವನ್ನಷ್ಟೇ ತೆಗೆದುಕೊಳ್ಳಿ. ಬುಟೋ ನರ್ತಕರಂತೆ ಮೈಗೆ ಬಿಳಿ ಬಣ್ಣ ಬಳಿದುಕೊಂಡು ನಿಧಾನವಾಗಿ ನಡೆದ ಮಾತ್ರಕ್ಕೆ ನಮ್ಮ ಊರಿನ ಸಾವು ರಂಗಕ್ಕೆ ಬರುವುದಿಲ್ಲ.

ಮೊದಲ ವಾರಗಳು ನೆನಪು ಕಲೆಹಾಕುವುದಕ್ಕೆ ಮೀಸಲಾಗಿರಲಿ. ‘ನೀನು ಕಂಡ ಮೊದಲ ಸಾವಿನ ಬಗ್ಗೆ ಹೇಳು’ ಎಂದು ಕೇಳಿದರೆ ಎಲ್ಲರೂ ದೊಡ್ಡವರಾದ ಮೇಲೆ ಕಟ್ಟಿಕೊಂಡ ಕಥೆಯನ್ನೇ ಹೇಳುತ್ತಾರೆ. ಅದಕ್ಕಾಗಿ ಪ್ರಶ್ನೆಗಳು ಚಿಕ್ಕವಾಗಿಯೂ ಇಂದ್ರಿಯಗಳಿಗೆ ಸಂಬಂಧಿಸಿದವಾಗಿಯೂ ಇರಬೇಕು. ಆ ದಿನ ನಿಮ್ಮನ್ನು ಯಾರ ಮನೆಗೆ ಕಳಿಸಿದರು, ಅಲ್ಲಿ ತಿನ್ನಲು ಏನು ಕೊಟ್ಟರು, ಅಂಗಳದಲ್ಲಿ ಎಷ್ಟೊಂದು ಚಪ್ಪಲಿಗಳಿದ್ದವು, ಯಾವುದನ್ನು ಮುಟ್ಟಬೇಡ ಎಂದರು, ಅಪ್ಪ ಅಳುವುದನ್ನು ಎಲ್ಲಿ ನಿಂತು ನೋಡಿದಿರಿ, ಮರುದಿನ ಶಾಲೆಗೆ ಹೋದಾಗ ಗೆಳೆಯರಿಗೆ ಏನು ಹೇಳಿದಿರಿ, ಇಂಥ ಪ್ರಶ್ನೆಗಳನ್ನು ದಿನಕ್ಕೊಂದರಂತೆ ಕೇಳಿ. ಉತ್ತರವನ್ನು ಮೊದಲು ಬರೆಯಲಿ, ಅದನ್ನು ಓದದೆ ಮಡಚಿಡಲಿ, ಆಮೇಲೆ ಐದು ನಿಮಿಷದೊಳಗೆ ಮೈಯಿಂದ ತೋರಿಸಲಿ. ಬರೆದದ್ದಕ್ಕೂ ತೋರಿಸಿದ್ದಕ್ಕೂ ಹೊಂದಿಕೆ ಆಗದಿದ್ದರೆ ತೋರಿಸಿದ್ದನ್ನೇ ನಂಬಿ. ಹೀಗೆ ಸಿಕ್ಕ ಚೂರುಗಳನ್ನು ಒಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿಟ್ಟುಕೊಳ್ಳಬೇಕು. ಏಕೆಂದರೆ ನರ್ತಕರು ಎರಡನೆಯ ಸಲ ಮಾಡುವಾಗ ಅದನ್ನು ಚೆಂದಗೊಳಿಸಿಬಿಡುತ್ತಾರೆ, ಆ ಚೆಂದವೇ ನೆನಪನ್ನು ಕೆಡಿಸುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನಮ್ಮ ಭಾಗದ ಲಿಂಗಾಯತ ಮನೆಗಳಲ್ಲಿ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ, ಕೂಡಿಸಿದ ಭಂಗಿಯಲ್ಲೇ ವಿಮಾನ ಎನ್ನುವ ಅಲಂಕರಿಸಿದ ಚಟ್ಟದಲ್ಲಿ ಹೊತ್ತುಕೊಂಡು ಹೋಗಿ ಮಣ್ಣು ಮಾಡುತ್ತಾರೆ. ಹಣೆಗೆ ವಿಭೂತಿ, ತಲೆಗೆ ರುಮಾಲು, ಕೊರಳಿಗೆ ಹೂವಿನ ಮಾಲೆ, ಗಲ್ಲ ಜೋತುಬೀಳದಂತೆ ಸುತ್ತಿದ ಬಿಳಿ ಬಟ್ಟೆ. ಮಲಗಿದ ಹೆಣವನ್ನು ನೋಡಿದ ಮಗುವಿಗೆ ಅಜ್ಜ ನಿದ್ದೆ ಹೋಗಿದ್ದಾನೆ ಎನ್ನಿಸಬಹುದು. ಕುಳಿತ ಅಜ್ಜನನ್ನು ನೋಡಿದ ಮಗುವಿಗೆ ಅವನು ದಿನವೂ ಕೂಡುವ ಹಾಗೆಯೇ ಕೂತಿದ್ದಾನೆ, ಆದರೆ ತನ್ನನ್ನು ಕರೆಯುತ್ತಿಲ್ಲ ಎನ್ನಿಸುತ್ತದೆ. ಈ ವ್ಯತ್ಯಾಸದಲ್ಲಿ ಒಂದು ಇಡೀ ದೃಶ್ಯವಿದೆ. ತಾಲೀಮಿನಲ್ಲಿ ಒಬ್ಬ ನರ್ತಕನು ಮೈಯನ್ನು ಪೂರ್ತಿ ಸಡಿಲ ಬಿಟ್ಟು ಗೋಡೆಯ ಬಳಿ ಕೂಡಲಿ; ಉಳಿದ ಮೂವರು ಅವನನ್ನು ನೆಟ್ಟಗೆ ಕೂಡಿಸಿಡಲು ಒಂದು ಪಂಚೆಯನ್ನೂ ತಮ್ಮ ಕೈಗಳನ್ನೂ ಮಾತ್ರ ಬಳಸಲಿ. ಭುಜ ಸರಿಮಾಡಿದರೆ ತಲೆ ವಾಲುತ್ತದೆ, ತಲೆ ಹಿಡಿದರೆ ಮೊಣಕಾಲು ಜಾರುತ್ತದೆ. ಕುಳಿತವನ ಕತ್ತಿನ ಹಿಂದೆ ಸದಾ ಒಬ್ಬರ ಅಂಗೈ ಇರಲೇಬೇಕು, ಇದರಲ್ಲಿ ರಾಜಿ ಬೇಡ. ಈ ಕೆಲಸ ಅವರ ಕೈಗಳಿಗೆ ರೂಢಿಯಾದ ಮೇಲೆ ಕುಳಿತವನನ್ನು ಎಬ್ಬಿಸಿ ಕಳಿಸಿಬಿಡಿ, ಆ ಮೂವರೂ ಖಾಲಿ ಜಾಗದಲ್ಲಿ ಅದೇ ಕೆಲಸವನ್ನು ಅದೇ ಭಾರ ಹಿಡಿದು ಮುಂದುವರಿಸಲಿ. ದೇಹವನ್ನು ತೆಗೆದು ಕೈಯ ಕೆಲಸವನ್ನು ಉಳಿಸಿಕೊಳ್ಳುವ ಈ ಒಂದು ಉಪಾಯವನ್ನು ಚೆನ್ನಾಗಿ ಕಲಿತ ತಂಡಕ್ಕೆ ಪ್ರಯೋಗದ ಅರ್ಧ ದಾರಿ ಸವೆದಂತೆ. ಹೊರುವುದು, ಮೀಯಿಸುವುದು, ಹಿಡಿ ಮಣ್ಣು ಹಾಕುವುದು, ಒಲೆ ಹಚ್ಚದ ಮನೆಗೆ ನೆಂಟರು ತಂದ ಬುತ್ತಿ ಬಿಚ್ಚುವುದು, ಮಣ್ಣಿಗೆ ಹೋಗಿ ಬಂದವರು ಜಳಕ ಮಾಡಿ ದೀಪ ನೋಡುವುದು, ಇವೆಲ್ಲವನ್ನೂ ಇದೇ ರೀತಿಯಲ್ಲಿ ಬಿಡಿಸಿಕೊಳ್ಳಬಹುದು.

ಹೆಂಗಸರು ಹಾಡ್ಯಾಡಿ ಅಳುವುದನ್ನು ರಂಗಕ್ಕೆ ತರಲು ಬಯಸದ ತಂಡವೇ ಇರಲಾರದು. ಬಂದ ಹೆಂಗಸು ಮನೆಯವಳ ಕೊರಳಿಗೆ ಬಿದ್ದು, ಸತ್ತವನು ಬದುಕಿದ್ದಾಗ ಮಾಡಿದ್ದನ್ನೂ ತಂದದ್ದನ್ನೂ ಆಡಿದ ಮಾತನ್ನೂ ಒಂದು ರಾಗದಲ್ಲಿ ಎಣಿಸಿ ಎಣಿಸಿ ಅಳುತ್ತಾಳೆ. ಮನೆಯವಳು ಅದಕ್ಕೆ ಇನ್ನೊಂದು ಸಾಲು ಸೇರಿಸುತ್ತಾಳೆ. ಇದನ್ನು ಕಲಿಯಲು ನಿಜವಾದ ಸಾವಿನ ಮನೆಗೆ ಮೊಬೈಲ್ ಹಿಡಿದು ಹೋಗಬಾರದು. ಹಾಡ್ಯಾಡಿ ಅಳುವುದರಲ್ಲಿ ಕೈಪಳಗಿದ ಹಿರಿಯ ಹೆಂಗಸೊಬ್ಬರ ಮನೆಗೆ, ಅವರಿಗೆ ಬಿಡುವಾದ ಮಧ್ಯಾಹ್ನ, ಪರಿಚಯದವರ ಮೂಲಕ ಹೋಗಿ ಕೇಳಿಕೊಳ್ಳಿ. ಶುಭದ ದಿನ ಮನೆಯೊಳಗೆ ಆ ರಾಗ ಎತ್ತಬಾರದೆಂದು ಅವರು ಹೇಳಬಹುದು. ಹಾಗೆ ಹೇಳಿದರೆ ಒತ್ತಾಯ ಬೇಡ. ರಾಗವನ್ನು ಬಿಟ್ಟು ಮೈಯ ಬಗ್ಗೆ ಕೇಳಿ: “ಅಜ್ಜಿ, ಹಾಡ್ಯಾಡಿ ಅಳೂಮುಂದ ನಿಮ್ಮ ಕೈ ಎಲ್ಲಿರ್ತಿತ್ತರಿ?” ಎಂದರೆ ಅವರು ಮಾತಿಗಿಂತ ಮೊದಲು ಕೈಯಿಂದಲೇ ಉತ್ತರ ಕೊಡುತ್ತಾರೆ. ಒಂದು ಕೈ ಎದುರಿನವಳ ಬೆನ್ನ ಮೇಲೆ, ಇನ್ನೊಂದು ಕೈಯಲ್ಲಿ ಸೆರಗು, ಉಸಿರು ಎಳೆದುಕೊಳ್ಳುವ ಹೊತ್ತಿಗೆ ತಲೆ ಹಿಂದಕ್ಕೆ. ಅವರಿಂದ ಪಡೆದದ್ದನ್ನು ಪ್ರಯೋಗದಲ್ಲಿ ಬಳಸುವುದಾದರೆ ಮೊದಲೇ ಒಪ್ಪಿಗೆ ಪಡೆಯಿರಿ, ಅವರು ಬಯಸಿದರೆ ಹೆಸರು ಹಾಕಿರಿ, ಸಂಭಾವನೆಯನ್ನು ಕೈಗೆ ಕೊಡಿ.

ಇನ್ನು ಈ ಸೀಮೆಗೇ ಸೇರಿದ ಒಂದು ಸಂಪತ್ತಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಕ್ಕಳಿಗೆ ಮನೆಯ ಸಾವನ್ನು ಮುಚ್ಚಿಡುವ ಇದೇ ಊರುಗಳು ವರ್ಷದುದ್ದಕ್ಕೂ ಮಕ್ಕಳ ಕಣ್ಣೆದುರಿಗೇ ಹಲವು ಸಾವುಗಳನ್ನು ಆಚರಿಸುತ್ತವೆ. ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟುವ ಜೋಕುಮಾರಸ್ವಾಮಿ ಏಳು ದಿನ ಬದುಕುತ್ತಾನೆ. ದೊಡ್ಡ ಕಣ್ಣಿನ, ಹುರಿ ಮೀಸೆಯ ಆ ಮಣ್ಣಿನ ಮೂರ್ತಿಯನ್ನು ಬೇವಿನ ತೊಪ್ಪಲಿನ ನಡುವೆ ಬುಟ್ಟಿಯಲ್ಲಿ ಕೂಡಿಸಿ, ಬಾಯಿಗೆ ಬೆಣ್ಣೆ ಸವರಿ, ಗಂಗಾಮತಸ್ಥ ಸಮುದಾಯದ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಮನೆಮನೆಗೆ ತರುತ್ತಾರೆ. ಹಾಡು ಹೇಳಿ, ಜೋಳ ಕಾಳು ಪಡೆದು, ಬೇವಿನ ಎಲೆಯನ್ನೂ ಕಾಡಿಗೆಯನ್ನೂ ನುಚ್ಚನ್ನೂ ಕೊಟ್ಟು ಮುಂದಿನ ಮನೆಗೆ ಹೋಗುತ್ತಾರೆ. ಹುಣ್ಣಿಮೆಯ ರಾತ್ರಿ ಅವನ ಸಾವು. ಕಥೆಯಲ್ಲಿ ಅವನನ್ನು ಕೊಲ್ಲುವವರು ಅಗಸರು, ಆದ್ದರಿಂದ ಮೂರ್ತಿಯನ್ನು ಹಳ್ಳದ ದಂಡೆಯ ಒಗೆಯುವ ಕಲ್ಲಿನ ಬಳಿ ಬಿಟ್ಟು ಬರುವ ರೂಢಿ. ಕಲ್ಲಿನಿಂದ ಅಳು ಕೇಳುತ್ತದೆಂದು ಅಗಸರು ಆಮೇಲೆ ಕೆಲವು ದಿನ ಬಟ್ಟೆ ಒಗೆಯುವುದಿಲ್ಲ ಎಂಬ ನಂಬಿಕೆಯೂ ಇದೆ. ಮಳೆ ಬೆಳೆಗಾಗಿ ಬಂದು, ಮನೆಮನೆಯ ಬೆಣ್ಣೆ ತಿಂದು, ಹೋಳಾಗಿ ಬೀಳುವ ಈ ದೇವರನ್ನು ಬಾಗಿಲಲ್ಲಿ ನಿಂತು ನೋಡಿದ ಮಗುವಿಗೆ, ಮೊನ್ನೆ ಅಂಗಳಕ್ಕೆ ಬಂದವನು ಇಂದು ಇಲ್ಲ ಎಂಬ ಸಂಗತಿ ಯಾರೂ ಬಿಡಿಸಿ ಹೇಳದೆಯೇ ತಿಳಿಯುತ್ತದೆ. ಇದನ್ನು ರಂಗಕ್ಕೆ ತರುವಾಗ ಮೂರ್ತಿಯನ್ನಾಗಲಿ ಹಾಡನ್ನಾಗಲಿ ತರಬೇಕಿಲ್ಲ. ಒಂದು ಖಾಲಿ ಬುಟ್ಟಿ ಸಾಕು. ಅದನ್ನು ಹೊರುವವಳ ಕತ್ತಿನ ಬಿಗಿ, ಇಳಿಸಲು ನೆರವಾಗುವ ಎರಡನೆಯವಳ ಕೈ, ಇಳಿಸಿದ ಮೇಲೆ ಇಬ್ಬರೂ ಸೊಂಟ ನೆಟ್ಟಗೆ ಮಾಡಿಕೊಳ್ಳುವ ಕ್ಷಣ, ಬುಟ್ಟಿಯೊಳಗೆ ಇಣುಕಲು ಮುಂಗಾಲಲ್ಲಿ ನಿಂತ ಮಗು, ಇವನ್ನು ಏಳು ಸಲ ಆಡಿಸಿ. ಪ್ರತಿ ಸಲವೂ ಬುಟ್ಟಿ ಸ್ವಲ್ಪ ಹೆಚ್ಚು ಭಾರವಾಗಲಿ, ಎಂಟನೆಯ ಸಲ ಬುಟ್ಟಿಯೇ ಬರದಿರಲಿ.

ಹೋಳಿಯ ಕಾಮಣ್ಣನೂ ಇಂಥವನೇ. ಕಟ್ಟಿಗೆ ಕುಳ್ಳು ಕದ್ದು ತಂದ ಹುಡುಗರು, ಕಾಮನನ್ನು ಸುಟ್ಟ ಮೇಲೆ ಹಲಗಿ ಎಂಬ ಚರ್ಮವಾದ್ಯದ ಸದ್ದಿಗೆ ಬಾಯಿ ಬಡಿದುಕೊಂಡು ಹೊಯ್ಕೊಳ್ಳುತ್ತಾರೆ. ಮನೆಯಲ್ಲಿ ಅತ್ತರೆ ಸುಮ್ಮನಿರು ಎನ್ನಿಸಿಕೊಳ್ಳುವ ಹುಡುಗನಿಗೆ ಬೀದಿಯಲ್ಲಿ ಗಂಟಲು ಬಿಚ್ಚಿ ಶೋಕಿಸಲು ಸಿಗುವ ಒಂದೇ ಅವಕಾಶ ಅದು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ಪೂಜೆಗೊಂಡು ನೀರಿಗೆ ಹೋಗುತ್ತವೆ. ಮೊಹರಮ್ಮಿನ ಹತ್ತು ದಿನಗಳಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಕೂಡಿ ಕರ್ಬಲಾದ ಕಾಳಗದಲ್ಲಿ ಮಡಿದವರ ಪದಗಳನ್ನು ಹಾಡುತ್ತ ಹೆಜ್ಜೆ ಹಾಕುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೆಜ್ಜೆ ಮೇಳದಲ್ಲಿ ಶೋಕ ಮತ್ತು ಕುಣಿತ ಒಂದೇ ಉಸಿರಿನಲ್ಲಿರುವುದರಿಂದ ಅದರ ಹೆಜ್ಜೆಗಳ ವಿನ್ಯಾಸವನ್ನು ಮೇಳದವರಿಂದಲೇ ನೇರವಾಗಿ ಕಲಿಯುವುದು ತಂಡಕ್ಕೆ ಬಹಳ ಉಪಯುಕ್ತ. ಇವುಗಳ ಬಗ್ಗೆ ಓದಿ ತಿಳಿಯಬೇಕೆನ್ನುವವರಿಗೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಹತ್ತಿರದಲ್ಲಿದೆ.

ಆಚರಣೆಯನ್ನು ಬಳಸುವಾಗ ಒಂದು ಗೆರೆಯನ್ನು ಎಲ್ಲರೂ ಸೇರಿ ಮೊದಲೇ ಎಳೆದುಕೊಳ್ಳಬೇಕು. ಪೂಜೆಗೊಂಡ ವಸ್ತು, ಇಷ್ಟಲಿಂಗ, ಮೊಹರಮ್ಮಿನ ಪಂಜಾ, ಸ್ಮಶಾನದ ಬೂದಿ, ಸತ್ತವರ ಭಾವಚಿತ್ರ ಇವು ರಂಗಕ್ಕೆ ಬರಬಾರದು. ಮಂತ್ರ, ವಚನ, ಕುರಾನಿನ ಸಾಲುಗಳನ್ನು ಹಿನ್ನೆಲೆಯ ಸಂಗೀತದಂತೆ ಹಾಕುವುದೂ ಸಲ್ಲದು. ಇದನ್ನು ವಿವಾದದ ಹೆದರಿಕೆಯಿಂದ ಹೇಳುತ್ತಿಲ್ಲ. ಪವಿತ್ರ ವಸ್ತುವೊಂದು ರಂಗದ ಮೇಲೆ ಬಂದ ಕೂಡಲೇ ಪ್ರೇಕ್ಷಕರು ಅದಕ್ಕೆ ಕೈ ಮುಗಿಯುತ್ತಾರೆ ಇಲ್ಲವೇ ಸಿಟ್ಟಾಗುತ್ತಾರೆ, ನರ್ತಕರ ಮೈಯನ್ನು ಮಾತ್ರ ನೋಡುವುದಿಲ್ಲ.

ಹಲಗಿಯ ಮಾತು ಇನ್ನೂ ಗಂಭೀರವಾದದ್ದು. ಸಾವಿನ ಮುಂದೆ ಹಲಗಿ ಬಾರಿಸುವುದನ್ನು ದಲಿತ ಸಮುದಾಯದ ಮೇಲೆ ಹೊರಿಸಿದ ಬಿಟ್ಟಿ ಕೆಲಸವನ್ನಾಗಿ ನಮ್ಮ ಊರುಗಳು ತಲೆತಲಾಂತರ ನಡೆಸಿವೆ. ಅದನ್ನು ಇನ್ನು ಮಾಡುವುದಿಲ್ಲ ಎಂದು ಹಲವರು ಕೈಬಿಟ್ಟದ್ದೂ ಇದೆ. ಹೀಗಿರುವಾಗ ವಾತಾವರಣಕ್ಕೆಂದು ಒಬ್ಬ ವಾದಕನನ್ನು ಕರೆಸಿ ಪರದೆಯ ಹಿಂದೆ ಕೂಡಿಸುವುದು ಅದೇ ಅನ್ಯಾಯವನ್ನು ರಂಗದಲ್ಲಿ ಮತ್ತೊಮ್ಮೆ ಮಾಡಿದಂತೆ. ಹಲಗಿ ಬೇಕೆನ್ನುವ ತಂಡವು ವಾದಕರನ್ನು ಮೊದಲ ತಾಲೀಮಿನಿಂದಲೇ ಕಲಾವಿದರಾಗಿ ಸೇರಿಸಿಕೊಳ್ಳಬೇಕು, ನರ್ತಕರಿಗೆ ಕೊಡುವಷ್ಟೇ ಸಂಭಾವನೆ ಕೊಡಬೇಕು, ಸಾವಿನ ಬಡಿತವನ್ನು ಬಾರಿಸಬೇಕೋ ಬೇಡವೋ ಎಂಬ ತೀರ್ಮಾನವನ್ನು ಅವರಿಗೇ ಬಿಡಬೇಕು. ಒಪ್ಪಿದರೆ ರಂಗದ ನಡುವೆಯೇ ಅವರ ಜಾಗ. ಬಾರಿಸುವುದಕ್ಕೆ ಮೊದಲು ಬೆಂಕಿಗೆ ಹಿಡಿದು ಚರ್ಮವನ್ನು ಬಿಗಿ ಮಾಡಿಕೊಳ್ಳುವ ಕೆಲಸವಿದೆಯಲ್ಲ, ಹಲಗಿಯನ್ನು ತಿರುಗಿಸುತ್ತ ಬೆರಳಿನಿಂದ ತಟ್ಟಿ ನಾದ ನೋಡುವ ಆ ಕೆಲಸವನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಾರೆ. ಬಯಲಿನಲ್ಲಿ ಆಡುವುದಾದರೆ ಅದನ್ನು ಪ್ರಯೋಗದೊಳಗೇ ಇಟ್ಟುಕೊಳ್ಳಿ. ಸಭಾಂಗಣದಲ್ಲಾದರೆ ಬೆಂಕಿಗೆ ಹೊರಗೆ ವ್ಯವಸ್ಥೆ ಬೇಕು, ಚರ್ಮ ತಣ್ಣಗಾಗಿ ನಾದ ಇಳಿಯುವುದಕ್ಕೆ ಮೊದಲೇ ಆ ದೃಶ್ಯ ಬರುವಂತೆ ಕ್ರಮ ಹೊಂದಿಸಬೇಕು. ಫೈಬರ್ ಹಲಗಿಗೆ ಈ ತೊಂದರೆ ಇಲ್ಲ, ಆದರೆ ಅದರ ಸದ್ದು ಹೋಳಿಯ ಬೀದಿಗೆ ಸರಿ, ಮುಚ್ಚಿದ ಸಭಾಂಗಣದಲ್ಲಿ ಕಿವಿಗೆ ಇರಿಯುತ್ತದೆ.

ಮಣ್ಣನ್ನು ಬಳಸುವವರಿಗೆ ಕೆಲವು ವ್ಯಾವಹಾರಿಕ ಸಂಗತಿಗಳು. ಗದಗ, ನವಲಗುಂದದ ಕಡೆಯ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಒಣಗಿದಾಗ ಹೆಂಟೆಯಾಗಿ ಅಂಗಾಲಿಗೆ ಚುಚ್ಚುತ್ತದೆ, ಹಸಿಯಾದಾಗ ಕಾಲಿಗೆ ಅಂಟಿಕೊಂಡು ಜಾರಿಸುತ್ತದೆ. ಕುಣಿಯಲು ಮಸಾರಿ, ಅಂದರೆ ಕೆಂಪು ಮಣ್ಣು ಮೇಲು. ಅದನ್ನು ಜರಡಿ ಹಿಡಿದು ಗಾಜಿನ ಚೂರು, ಮುಳ್ಳು, ಕಲ್ಲು ತೆಗೆದು, ದಪ್ಪನೆಯ ತಾಡಪಾಲಿನ ಮೇಲೆ ಹರಡಿ, ಪ್ರಯೋಗಕ್ಕೆ ಮುಂಚೆ ನೀರು ಚಿಮುಕಿಸಬೇಕು. ಒಣ ಮಣ್ಣಿನ ದೂಳು ನರ್ತಕರ ಎದೆಗೂ ಮುಂದಿನ ಸಾಲಿನವರ ಕಣ್ಣಿಗೂ ಒಳ್ಳೆಯದಲ್ಲ. ಸಭಾಂಗಣದವರಿಗೆ ಮೊದಲೇ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಿರಿ. ಊದುಬತ್ತಿ, ಲೋಬಾನದ ವಾಸನೆಯು ಪ್ರೇಕ್ಷಕರನ್ನು ಕೂಡಲೇ ಸಾವಿನ ಮನೆಗೆ ಒಯ್ಯುತ್ತದೆ ನಿಜ, ಆದರೆ ಒಮ್ಮೆ ಹಬ್ಬಿದ ವಾಸನೆಯನ್ನು ಮುಂದಿನ ದೃಶ್ಯಕ್ಕೆ ಅಳಿಸಲಾಗದು. ಬೆಳಕಿನ ವಿಷಯದಲ್ಲಿ ನನಗೊಂದು ಗಟ್ಟಿಯಾದ ಅಭಿಪ್ರಾಯವಿದೆ: ನೀಲಿ ಬೆಳಕು, ಹೊಗೆಯಂತ್ರ ಎರಡೂ ಬೇಡ. ನಮ್ಮ ಸಾವಿನ ಮನೆಗಳಲ್ಲಿ ಹಗಲಿನಲ್ಲಿ ಬಾಗಿಲಿನಿಂದ ಬರುವ ಬಿಸಿಲೂ ರಾತ್ರಿ ಭಜನೆಯವರಿಗಾಗಿ ಹೊರಗೆ ತೂಗುಹಾಕಿದ ಒಂದು ಬಲ್ಬಿನ ಬೆಳಕೂ ಇರುತ್ತವೆ, ಅಷ್ಟೇ ಸಾಕು. ದೀಪವನ್ನು ಕೆಳಗಿನಿಂದ, ಮಗುವಿನ ಕಣ್ಣಿನ ಮಟ್ಟದಲ್ಲಿಟ್ಟರೆ ದೊಡ್ಡವರ ನೆರಳು ಗೋಡೆಯ ಮೇಲೆ ತಾನಾಗಿಯೇ ಬೆಳೆಯುತ್ತದೆ.

ಚೂರುಗಳನ್ನು ಜೋಡಿಸುವಾಗ ಸಾವು, ಶವಯಾತ್ರೆ, ಮಣ್ಣು, ದಿನಕರ್ಮ ಎಂಬ ಆಚರಣೆಯ ಕ್ರಮವನ್ನು ಅನುಸರಿಸಿದರೆ ಪ್ರಯೋಗವು ಮಾಹಿತಿಚಿತ್ರವಾಗುತ್ತದೆ. ಮಗುವಿಗೆ ಆ ಕ್ರಮ ಗೊತ್ತಿರುವುದಿಲ್ಲ. ನೆರೆಮನೆಯಲ್ಲಿ ತಿಂದ ಅವಲಕ್ಕಿ, ಅಂಗಳದ ಚಪ್ಪಲಿಗಳು, ದೂರದಿಂದ ಬಂದ ಹಲಗಿ, ಕಳೆದ ವರ್ಷದ ಕಾಮಣ್ಣ ಇವೆಲ್ಲ ಅದರ ತಲೆಯಲ್ಲಿ ಅಕ್ಕಪಕ್ಕ ಇರುತ್ತವೆ. ಹಾಗಾಗಿ ಒಂದು ಸರಳ ಕೆಲಸವನ್ನು ಉದ್ದಕ್ಕೂ ನಡೆಯಬಿಡಿ, ಉದಾಹರಣೆಗೆ ಒಬ್ಬಾಕೆ ಮೊದಲಿನಿಂದ ಕೊನೆಯವರೆಗೆ ರೊಟ್ಟಿ ಬಡಿಯುತ್ತಿರಲಿ. ಉಳಿದ ಚೂರುಗಳು ಅವಳ ಸುತ್ತ ಬಂದು ಹೋಗಲಿ. ಮಾತು ಬೇಕಾದಲ್ಲಿ ನರ್ತಕರು ತಮ್ಮ ಮನೆಯ ಮಾತಿನಲ್ಲಿಯೇ ಆಡಲಿ. “ಅಜ್ಜ ಎಲ್ಲಿಗೆ ಹೋದನಬೇ?” ಎಂಬ ಪ್ರಶ್ನೆಗೆ ದೊಡ್ಡವರು ಕೊಟ್ಟ ಬೇರೆ ಬೇರೆ ಉತ್ತರಗಳನ್ನು ಕಲೆಹಾಕಿದರೆ, ಅದೇ ನಾಲ್ಕೈದು ನಿಮಿಷದ ಒಳ್ಳೆಯ ದೃಶ್ಯವಾಗುತ್ತದೆ. ಇಡೀ ಪ್ರಯೋಗ ಒಂದು ಗಂಟೆಯೊಳಗಿರಲಿ.

ನರ್ತಕರ ಮನಸ್ಸಿನ ಕಾಳಜಿ ತಂಡದ ಮುಖಂಡರ ಹೊಣೆ. ಒಂದು ವರ್ಷದೊಳಗೆ ಮನೆಯಲ್ಲಿ ಸಾವು ಕಂಡವರಿಗೆ ಆ ಸಾವನ್ನೇ ಆಡಲು ಹೇಳಬಾರದು. ಅವರು ತಾವಾಗಿ ಬಯಸಿದರೂ ಮೊದಲು ಬೇರೆಯವರ ನೆನಪನ್ನು ಆಡಲಿ. ಯಾರಾದರೂ ಅಳತೊಡಗಿದರೆ ಅದು ಚೆನ್ನಾಗಿ ಬಂತು ಎಂದು ಮೆಚ್ಚಬೇಡಿ, ತಾಲೀಮು ನಿಲ್ಲಿಸಿ, ನೀರು ಕೊಡಿ, ಆ ದಿನ ಆ ಚೂರಿಗೆ ಮರಳಬೇಡಿ. ಪ್ರತಿ ತಾಲೀಮಿನ ಕೊನೆಗೆ ಎಲ್ಲರೂ ಕೈಕಾಲು ತೊಳೆದು, ಕೂಡಿ ಏನಾದರೂ ತಿಂದು ಮನೆಗೆ ಹೋಗುವ ಪದ್ಧತಿ ಇಟ್ಟುಕೊಳ್ಳಿ. ಮಕ್ಕಳ ಪಾತ್ರವನ್ನು ದೊಡ್ಡವರೇ ಮಾಡಲಿ. ನಿಜವಾದ ಮಗುವನ್ನು ರಂಗಕ್ಕೆ ತಂದರೆ ಪ್ರೇಕ್ಷಕರ ಕನಿಕರ ಅದರ ಮೇಲೆ ಬೀಳುತ್ತದೆ, ಮಗುವಿಗೂ ಆ ಭಾರ ಬೇಡ. ಮೊಣಕಾಲೂರಿದ ದೊಡ್ಡ ನರ್ತಕಿಯ ಮೈಯಲ್ಲಿ ಅಂದಿನ ಮಗುವೂ ಇಂದಿನ ಹೆಂಗಸೂ ಒಟ್ಟಿಗೆ ಕಾಣುತ್ತಾರೆ.

ಮೊದಲ ಪ್ರದರ್ಶನವನ್ನು ಟಿಕೆಟ್ಟಿಲ್ಲದೆ, ನೆನಪು ಕೊಟ್ಟವರಿಗಾಗಿಯೇ ಮಾಡಿ. ಅವರಲ್ಲಿ ಯಾರಾದರೂ ‘ಇದನ್ನು ತೋರಿಸಬಾರದಿತ್ತು’ ಎಂದರೆ ಆ ಭಾಗವನ್ನು ತೆಗೆಯಿರಿ, ವಾದ ಬೇಡ. ಆಮೇಲೆ ಧಾರವಾಡದ ರಂಗಾಯಣ, ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಂಗಣದಂಥ ಕಡೆ ಆಡಬಹುದು. ರಂಗಭೂಮಿಗೆ ಹೆಸರಾದ ಹಾನಗಲ್ ತಾಲೂಕಿನ ಶೇಷಗಿರಿಯಂಥ ಊರಿನ ಪ್ರೇಕ್ಷಕರ ಮುಂದೆ ಒಮ್ಮೆಯಾದರೂ ಆಡಲೇಬೇಕು. ಅಲ್ಲಿಯವರು ಹೊರುವ ಕೈ ಸುಳ್ಳಾದರೆ ಕೂಡಲೇ ಗುರುತಿಸುತ್ತಾರೆ. ಪ್ರದರ್ಶನದ ಪ್ರಕಟಣೆಯಲ್ಲಿ ಇದು ಸಾವಿಗೆ ಸಂಬಂಧಿಸಿದ್ದು ಎಂದು ಸ್ಪಷ್ಟವಾಗಿ ಬರೆಯಿರಿ, ಹೊರಗೆ ಹೋಗಬಯಸುವವರಿಗೆ ಬಾಗಿಲ ಬಳಿಯ ಸಾಲನ್ನು ಖಾಲಿ ಬಿಡಿ. ಮುಗಿದ ಮೇಲೆ ಸಂವಾದವನ್ನು ಕೂಡಲೇ ಶುರು ಮಾಡದೆ ಚಹಾ ಕೊಟ್ಟು ಕಾಲು ಗಂಟೆ ಬಿಡಿ. ಆ ಹೊತ್ತಿನಲ್ಲಿ ಜನರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಮನೆಯ ಸಾವುಗಳನ್ನು, ಅವರ ಒಪ್ಪಿಗೆ ಪಡೆದು, ತಂಡದ ಒಬ್ಬರು ಬರೆದುಕೊಂಡರೆ ಮುಂದಿನ ಪ್ರಯೋಗಕ್ಕೆ ಬೇಕಾದ ಪ್ರಶ್ನೆಗಳು ಅಲ್ಲಿಂದಲೇ ಸಿಗುತ್ತವೆ.